ಶ್ರೀ ಚಾಮರಾಜೇಂದ್ರ ಮೃಗಾಲಯ, ಮೈಸೂರು: ಕುಟುಂಬ ಸಮೇತ ಒಂದು ದಿನದ ಭೇಟಿಗೆ ಮಾರ್ಗದರ್ಶಿ

ಪೀಠಿಕೆ

ಮೈಸೂರು ನಗರದಲ್ಲಿರುವ ಶ್ರೀ ಚಾಮರಾಜೇಂದ್ರ ಮೃಗಾಲಯವು ದೇಶದ ಹಳೆಯ ಮೃಗಾಲಯಗಳಲ್ಲಿ ಒಂದಾಗಿದೆ. ಹತ್ತನೇ ಚಾಮರಾಜೇಂದ್ರ ಒಡೆಯರ್ ಅವರ ಆಳ್ವಿಕೆಯ ಕಾಲದಲ್ಲಿ, 1892ರಲ್ಲಿ, ಅರಮನೆಗೆ ಸೇರಿದ ಸುಮಾರು 10 ಎಕರೆ ಪ್ರದೇಶದಲ್ಲಿ ಇದು ಆರಂಭವಾಯಿತು. ಎ.ಸಿ. ಹ್ಯೂಸ್ ಅವರು ಇದರ ಮೊದಲ ಮೇಲ್ವಿಚಾರಕರಾಗಿದ್ದರು. ಸ್ವಾತಂತ್ರ್ಯಾನಂತರ ಸರ್ಕಾರದ ವಶಕ್ಕೆ ಬಂದ ಮೃಗಾಲಯವನ್ನು 1972ರಲ್ಲಿ ಅರಣ್ಯ ಇಲಾಖೆಗೂ, 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೂ ವಹಿಸಲಾಯಿತು. ಪಕ್ಕದ ಕಾರಂಜಿ ಕೆರೆಯೂ ಸೇರಿದಂತೆ ಇಂದು ಇದರ ಒಟ್ಟು ವಿಸ್ತೀರ್ಣ ಸುಮಾರು 157 ಎಕರೆ.

ಮಕ್ಕಳು ಹಾಗೂ ಹಿರಿಯರೊಡನೆ ಬರುವ ಕುಟುಂಬಗಳಲ್ಲಿ ಹಲವರು ಮಧ್ಯಾಹ್ನದ ಬಿಸಿಲಿನಲ್ಲಿ ಬಂದು, ಮಲಗಿರುವ ಪ್ರಾಣಿಗಳನ್ನು ಕಂಡು, ದಣಿದು ಹಿಂದಿರುಗುತ್ತಾರೆ. ಹೊರಡುವ ಮುನ್ನ ಮನೆಯಲ್ಲಿಯೇ ನಾಲ್ಕು ವಿಷಯಗಳನ್ನು ನಿರ್ಧರಿಸಿಕೊಂಡಲ್ಲಿ ಇದನ್ನು ತಪ್ಪಿಸಬಹುದು: ಯಾವ ದಿನ ಬರುವುದು, ಎಷ್ಟು ಹೊತ್ತಿಗೆ ಬರುವುದು, ಚೀಲದಲ್ಲಿ ಏನನ್ನು ತರುವುದು ಮತ್ತು ಎಷ್ಟನ್ನು ನೋಡುವುದು. ಸಾರ್ವಜನಿಕರ ಅನುಕೂಲಕ್ಕಾಗಿ ಈ ನಾಲ್ಕು ವಿಷಯಗಳ ವಿವರಗಳನ್ನೂ ಪಾಲಿಸಬೇಕಾದ ನಿಯಮಗಳನ್ನೂ ಇಲ್ಲಿ ನೀಡಲಾಗಿದೆ.

1. ಭೇಟಿಯ ದಿನ

ಮೃಗಾಲಯಕ್ಕೆ ಪ್ರತಿ ಮಂಗಳವಾರ ರಜೆ ಇರುತ್ತದೆ. ವಾರದಲ್ಲಿ ಕನಿಷ್ಠ ಒಂದು ದಿನ ಸಂದರ್ಶಕರಿಗೆ ಪ್ರವೇಶವಿರಬಾರದೆಂಬುದು ದೇಶದ ಮೃಗಾಲಯಗಳಿಗೆ ಅನ್ವಯಿಸುವ ನಿಯಮವಾಗಿದೆ. ಆ ದಿನ ಪ್ರಾಣಿಗಳಿಗೆ ಜನರ ಗದ್ದಲದಿಂದ ಬಿಡುವು ದೊರೆಯುತ್ತದೆ. ದಸರಾ ಹಾಗೂ ಸಾರ್ವತ್ರಿಕ ರಜೆಗಳು ಮಂಗಳವಾರದಂದು ಬಂದಾಗ ವಿಶೇಷವಾಗಿ ತೆರೆಯುವ ಸಂದರ್ಭಗಳಿದ್ದು, ಅವುಗಳನ್ನು ಮುಂಚಿತವಾಗಿ ಪ್ರಕಟಿಸಲಾಗುತ್ತದೆ.

ದಸರಾ, ಬೇಸಿಗೆ ರಜೆ ಹಾಗೂ ಭಾನುವಾರಗಳಂದು ಜನಸಂದಣಿ ಅತಿ ಹೆಚ್ಚಾಗಿರುತ್ತದೆ. ಎಳೆಯ ಮಕ್ಕಳು ಮತ್ತು ವೃದ್ಧರಿರುವ ಕುಟುಂಬಗಳಿಗೆ ಬುಧವಾರದಿಂದ ಶುಕ್ರವಾರದವರೆಗಿನ ದಿನಗಳು ಹೆಚ್ಚು ಸೂಕ್ತ.

ದೂರದ ಊರುಗಳಿಂದ ಬರುವವರು ಹೊರಡುವ ಮುನ್ನ ಮೃಗಾಲಯ ತೆರೆದಿರುವುದನ್ನು ಖಚಿತಪಡಿಸಿಕೊಳ್ಳುವುದು ಒಳಿತು. 2017ರ ಜನವರಿಯಲ್ಲಿ ಮೃಗಾಲಯದ ಹಕ್ಕಿಗಳಲ್ಲಿ ಹಕ್ಕಿಜ್ವರ ಕಂಡುಬಂದುದರಿಂದ ಸುಮಾರು ಒಂದು ತಿಂಗಳ ಕಾಲ ಪ್ರವೇಶವನ್ನು ನಿಲ್ಲಿಸಲಾಗಿತ್ತು. 2020ರಲ್ಲಿ ಕೋವಿಡ್ ಕಾರಣದಿಂದ ಹಲವು ವಾರಗಳ ಕಾಲ ಮುಚ್ಚಲಾಗಿತ್ತು. ರೋಗಗಳು ಹರಡುವ ಸಂದರ್ಭದಲ್ಲಿ ಇಂತಹ ಕ್ರಮಗಳು ಅನಿವಾರ್ಯವಾಗುತ್ತವೆ.

2. ಭೇಟಿಯ ಸಮಯ

ಪ್ರವೇಶದ ಸಮಯ ಬೆಳಿಗ್ಗೆ 8.30ರಿಂದ ಸಂಜೆ 5.30ರವರೆಗೆ. ಬಾಗಿಲು ತೆರೆಯುವ ಹೊತ್ತಿಗೇ ಬರುವುದು ಅತ್ಯುತ್ತಮ. ಬೆಳಗಿನ ತಂಪಿನಲ್ಲಿ ಹುಲಿ, ಚಿರತೆ, ಕರಡಿ ಮುಂತಾದ ಪ್ರಾಣಿಗಳು ಆವರಣದಲ್ಲಿ ಓಡಾಡುತ್ತಿರುತ್ತವೆ. ಬಿಸಿಲೇರಿದಂತೆ ನೆರಳನ್ನು ಸೇರಿ ಮಲಗುತ್ತವೆ. ಸಿಂಹವು ದಿನದ ಹೆಚ್ಚಿನ ಭಾಗವನ್ನು ವಿಶ್ರಾಂತಿಯಲ್ಲಿಯೇ ಕಳೆಯುವ ಪ್ರಾಣಿ. ಮಲಗಿರುವ ಪ್ರಾಣಿಗೆ ಕಾಯಿಲೆಯಾಗಿದೆ ಎಂದಾಗಲಿ, ಅದನ್ನು ಎಬ್ಬಿಸಬೇಕೆಂದಾಗಲಿ ಭಾವಿಸಬಾರದು. ಈ ವಿಷಯವನ್ನು ಮಕ್ಕಳಿಗೆ ಮೊದಲೇ ತಿಳಿಸಿದಲ್ಲಿ ಅವರಿಗೆ ನಿರಾಸೆಯಾಗುವುದಿಲ್ಲ.

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿ.ಮೀ. ದೂರವಿದೆ. ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಎರಡೂವರೆಯಿಂದ ಮೂರೂವರೆ ಗಂಟೆಗಳ ಪ್ರಯಾಣವೆಂದು ಲೆಕ್ಕ ಹಾಕಿಕೊಂಡು ನಸುಕಿನಲ್ಲಿಯೇ ಹೊರಡಬೇಕಾಗುತ್ತದೆ. ಮೈಸೂರಿನ ರೈಲು ನಿಲ್ದಾಣ ಹಾಗೂ ಬಸ್ ನಿಲ್ದಾಣಗಳಿಂದ ಮೃಗಾಲಯಕ್ಕೆ ನಗರ ಸಾರಿಗೆ ಬಸ್ಸುಗಳೂ ಆಟೋರಿಕ್ಷಾಗಳೂ ದೊರೆಯುತ್ತವೆ. ರಜಾದಿನಗಳಲ್ಲಿ ವಾಹನ ನಿಲುಗಡೆಗೆ ಸ್ಥಳ ಸಿಗುವುದು ತಡವಾಗಬಹುದಾದ್ದರಿಂದ, ಆ ದಿನಗಳಂದು ಸಾರ್ವಜನಿಕ ಸಾರಿಗೆಯನ್ನು ಬಳಸುವುದು ಸೂಕ್ತ.

3. ಪ್ರವೇಶ ಪತ್ರ

ಪ್ರವೇಶ ಪತ್ರವನ್ನು ಮುಖ್ಯದ್ವಾರದ ಕೌಂಟರಿನಲ್ಲಿ ಅಥವಾ ಮೃಗಾಲಯದ ಅಂತರಜಾಲ ತಾಣದ ಮೂಲಕ ಪಡೆಯಬಹುದು. ವಯಸ್ಕರಿಗೂ ಮಕ್ಕಳಿಗೂ ಪ್ರತ್ಯೇಕ ದರಗಳಿವೆ. ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ, ಕೌಂಟರಿನ ಬಳಿ ಅಥವಾ ತಾಣದಲ್ಲಿ ಪ್ರಕಟಿಸಿರುವ ಪಟ್ಟಿಯನ್ನೇ ಆಧಾರವಾಗಿ ಪರಿಗಣಿಸಬೇಕು. ಮಗುವಿನ ವಯಸ್ಸಿನ ಬಗ್ಗೆ ಪ್ರಶ್ನೆ ಬರಬಹುದಾದಲ್ಲಿ ಶಾಲೆಯ ಗುರುತಿನ ಚೀಟಿ ಜೊತೆಯಲ್ಲಿದ್ದರೆ ಅನುಕೂಲ. ಪ್ರವೇಶ ಪತ್ರವನ್ನು ಹೊರಬರುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕು.

4. ತರಬೇಕಾದ ಮತ್ತು ತರಬಾರದ ವಸ್ತುಗಳು

ತರಬೇಕಾದವು:
ಅ) ಸ್ಟೀಲ್ ಅಥವಾ ತಾಮ್ರದ ನೀರಿನ ಬಾಟಲಿ
ಆ) ಟೋಪಿ ಅಥವಾ ಕೊಡೆ, ಜೂನ್‌ನಿಂದ ನವೆಂಬರ್‌ವರೆಗೆ ಮಳೆಯಂಗಿ
ಇ) ನಡೆಯಲು ಹಿತವಾದ ಪಾದರಕ್ಷೆ
ಈ) ನಿತ್ಯ ಸೇವಿಸುವ ಔಷಧಿಗಳು
ಉ) ಬಟ್ಟೆಯ ಚೀಲ

ತರಬಾರದವು:
ಅ) ಪ್ಲಾಸ್ಟಿಕ್ ಚೀಲ ಮತ್ತು ಪ್ಲಾಸ್ಟಿಕ್ ಪೊಟ್ಟಣದ ತಿನಿಸುಗಳು
ಆ) ಚೆಂಡು, ಪೀಪಿ ಹಾಗೂ ಶಬ್ದ ಮಾಡುವ ಆಟಿಕೆಗಳು
ಇ) ಬೀಡಿ, ಸಿಗರೇಟು, ಬೆಂಕಿಪೊಟ್ಟಣ, ಮದ್ಯ, ಗುಟ್ಕಾ
ಈ) ಸಾಕುಪ್ರಾಣಿಗಳು

ಮೃಗಾಲಯವು ಪ್ಲಾಸ್ಟಿಕ್ ನಿಷೇಧಿತ ಪ್ರದೇಶವಾಗಿದ್ದು, ದ್ವಾರದಲ್ಲಿ ಚೀಲಗಳನ್ನು ತಪಾಸಣೆ ಮಾಡಲಾಗುತ್ತದೆ. ಜಿಂಕೆ, ಕಾಡೆಮ್ಮೆ, ಜಿರಾಫೆಗಳು ಮೆಲುಕು ಹಾಕುವ ಪ್ರಾಣಿಗಳು. ತಿಂಡಿಯ ವಾಸನೆಗೆ ಅವು ನುಂಗಿದ ಪ್ಲಾಸ್ಟಿಕ್ ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಉಳಿದು, ಆಹಾರದ ದಾರಿಯನ್ನು ಕಟ್ಟಿ, ಪ್ರಾಣಕ್ಕೆ ಎರವಾಗುತ್ತದೆ. ಗಾಳಿಗೆ ಹಾರಿ ಆವರಣದೊಳಗೆ ಬಿದ್ದ ಒಂದು ಖಾಲಿ ಪೊಟ್ಟಣವೂ ಇದಕ್ಕೆ ಸಾಕು. ಆದ್ದರಿಂದ ಮನೆಯಿಂದ ಊಟ ತರುವವರು ಅದನ್ನು ಮೃಗಾಲಯದ ಹೊರಗೆ ಸೇವಿಸಿ ಒಳಬರುವುದು ಉತ್ತಮ. ಒಳಗೆ ಕುಡಿಯುವ ನೀರು, ಶೌಚಾಲಯ ಹಾಗೂ ಉಪಾಹಾರ ಗೃಹದ ವ್ಯವಸ್ಥೆ ಇದೆ.

5. ಎಷ್ಟನ್ನು ನೋಡುವುದು

ವೀಕ್ಷಣಾ ಮಾರ್ಗವನ್ನು ಪೂರ್ಣವಾಗಿ ನಡೆದರೆ ಸುಮಾರು 3 ಕಿ.ಮೀ. ಆಗುತ್ತದೆ. ನಿಧಾನವಾಗಿ ನೋಡುತ್ತ ಸಾಗಲು ಮೂರರಿಂದ ನಾಲ್ಕು ಗಂಟೆಗಳು ಬೇಕು. ನಡೆಯಲು ಕಷ್ಟಪಡುವ ಹಿರಿಯ ನಾಗರಿಕರು, ಗರ್ಭಿಣಿಯರು ಮತ್ತು ಅಂಗವಿಕಲರು ಪ್ರತ್ಯೇಕ ಶುಲ್ಕ ಪಾವತಿಸಿ ಬ್ಯಾಟರಿ ಚಾಲಿತ ವಾಹನದ ಸೌಲಭ್ಯವನ್ನು ಪಡೆಯಬಹುದು. ರಜಾದಿನಗಳಲ್ಲಿ ಇದಕ್ಕೆ ಬೇಡಿಕೆ ಹೆಚ್ಚಿರುವುದರಿಂದ ಪ್ರವೇಶ ಪತ್ರ ಪಡೆಯುವಾಗಲೇ ವಿಚಾರಿಸಬೇಕು.

ಕುಟುಂಬದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಶಕ್ತಿಗೆ ತಕ್ಕಂತೆ ಕಾರ್ಯಕ್ರಮವನ್ನು ಹಾಕಿಕೊಳ್ಳುವುದು ಕ್ಷೇಮ. ಎಲ್ಲ ಆವರಣಗಳನ್ನೂ ಅವಸರದಲ್ಲಿ ದಾಟುವುದಕ್ಕಿಂತ, ಮನೆಯಲ್ಲಿಯೇ ಪ್ರತಿಯೊಬ್ಬ ಸದಸ್ಯರೂ ಒಂದೊಂದು ಪ್ರಾಣಿಯನ್ನು ಆರಿಸಿಕೊಂಡು, ಅದರ ಮುಂದೆ ಹತ್ತು ನಿಮಿಷ ನಿಂತು ನೋಡುವುದು ಮಕ್ಕಳಿಗೆ ಹೆಚ್ಚು ಪ್ರಯೋಜನಕಾರಿ. ಪ್ರತಿ ಆವರಣದ ಮುಂದಿರುವ ಫಲಕದಲ್ಲಿ ಪ್ರಾಣಿಯ ವಾಸಸ್ಥಾನ, ಆಹಾರ ಮುಂತಾದ ವಿವರಗಳಿದ್ದು, ಓದಲು ಬಲ್ಲ ಮಕ್ಕಳಿಂದ ಅದನ್ನು ಗಟ್ಟಿಯಾಗಿ ಓದಿಸಬಹುದು.

ಮೈಸೂರು ಮೃಗಾಲಯವು ಜಿರಾಫೆಗಳ ಸಂತಾನಾಭಿವೃದ್ಧಿಗೆ ಹೆಸರಾಗಿದ್ದು, ಇಲ್ಲಿಂದ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೂ ಜಿರಾಫೆಗಳನ್ನು ಕಳುಹಿಸಲಾಗಿದೆ. ಇಲ್ಲಿದ್ದ ಪೋಲೋ ಎಂಬ ಗೊರಿಲ್ಲಾ 2014ರಲ್ಲಿ ಮೃತಪಟ್ಟ ನಂತರ ಏಳು ವರ್ಷ ಗೊರಿಲ್ಲಾ ಇರಲಿಲ್ಲ. 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳನ್ನು ತರಿಸಿಕೊಳ್ಳಲಾಯಿತು. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಚೀತಾಗಳು ಬಂದವು. ಚೀತಾ ಮತ್ತು ಚಿರತೆ ಬೇರೆ ಬೇರೆ ಪ್ರಾಣಿಗಳೆಂಬುದನ್ನು ಮಕ್ಕಳಿಗೆ ತೋರಿಸಿಕೊಡಬಹುದು: ಚೀತಾದ ಮೈಮೇಲೆ ಒಂಟಿ ಕಪ್ಪು ಚುಕ್ಕೆಗಳೂ, ಕಣ್ಣಿನಿಂದ ಬಾಯಿಯವರೆಗೆ ಕಪ್ಪು ಗೆರೆಯೂ ಇರುತ್ತವೆ. ಚಿರತೆಯ ಮೈಮೇಲಿನ ಗುರುತುಗಳು ಹೂವಿನ ಎಸಳುಗಳನ್ನು ಜೋಡಿಸಿದಂತೆ ಕಾಣುತ್ತವೆ.

6. ಪಾಲಿಸಬೇಕಾದ ನಿಯಮಗಳು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 38-ಜೆ ಪ್ರಕರಣದಂತೆ, ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಗಾಯಗೊಳಿಸುವುದು, ಅವುಗಳಿಗೆ ತಿನ್ನಿಸುವುದು, ಗದ್ದಲ ಮಾಡಿ ತೊಂದರೆ ಕೊಡುವುದು ಹಾಗೂ ಆವರಣದಲ್ಲಿ ಕಸ ಎಸೆಯುವುದನ್ನು ನಿಷೇಧಿಸಲಾಗಿದೆ. ಉಲ್ಲಂಘನೆಗೆ ಆರು ತಿಂಗಳವರೆಗೆ ಕಾರಾಗೃಹವಾಸ ಅಥವಾ ದಂಡ ಅಥವಾ ಇವೆರಡನ್ನೂ ವಿಧಿಸಲು ಅವಕಾಶವಿದೆ.

ಪ್ರಾಣಿಗಳಿಗೆ ತಿನ್ನಿಸುವುದು ಅನೇಕರ ದೃಷ್ಟಿಯಲ್ಲಿ ಪುಣ್ಯದ ಕೆಲಸವೆನಿಸಬಹುದು. ಆದರೆ ಮೃಗಾಲಯದ ಪ್ರತಿಯೊಂದು ಪ್ರಾಣಿಗೂ ಪಶುವೈದ್ಯರ ಸಲಹೆಯಂತೆ ಆಹಾರದ ಪ್ರಮಾಣ ನಿಗದಿಯಾಗಿರುತ್ತದೆ. ಕೋತಿಗೆ ನೀಡಿದ ಒಂದು ಹಿಡಿ ಖಾರದ ತಿಂಡಿಯಿಂದ ಅದರ ಆರೋಗ್ಯ ಕೆಡಬಹುದು. ಮನುಷ್ಯರ ಎಂಜಲಿನಿಂದ ವಾನರಗಳಿಗೆ ರೋಗ ತಗಲುವ ಅಪಾಯವೂ ಇದೆ. ನೆಗಡಿ, ಕೆಮ್ಮು ಇರುವವರು ವಾನರಗಳ ಆವರಣದ ಬಳಿ ಹೆಚ್ಚು ಹೊತ್ತು ನಿಲ್ಲದಿರುವುದು ಒಳ್ಳೆಯದು.

ಮಕ್ಕಳನ್ನು ಕಟಕಟೆಯ ಮೇಲೆ ಕೂರಿಸುವುದು, ಆವರಣದ ಕಡೆಗೆ ಎತ್ತಿ ಹಿಡಿಯುವುದು, ಛಾಯಾಚಿತ್ರಕ್ಕಾಗಿ ತಡೆಬೇಲಿಯನ್ನು ದಾಟುವುದು ಕಡ್ಡಾಯವಾಗಿ ನಿಷಿದ್ಧ. 2014ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ರಾಷ್ಟ್ರೀಯ ಮೃಗಾಲಯದಲ್ಲಿ ಬಿಳಿ ಹುಲಿಯ ಆವರಣದೊಳಗೆ ಬಿದ್ದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಟೋಪಿ, ಮೊಬೈಲ್ ಅಥವಾ ಆಟಿಕೆ ಒಳಗೆ ಬಿದ್ದಲ್ಲಿ ಸ್ವತಃ ತೆಗೆಯಲು ಯತ್ನಿಸದೆ ಸಿಬ್ಬಂದಿಗೆ ತಿಳಿಸಬೇಕು.

7. ಮಕ್ಕಳ ಸುರಕ್ಷತೆ

ಜನದಟ್ಟಣೆಯಲ್ಲಿ ಮಕ್ಕಳು ಕೈಬಿಟ್ಟು ಹೋಗುವ ಸಾಧ್ಯತೆ ಇರುವುದರಿಂದ ಈ ಕೆಳಕಂಡ ಕ್ರಮಗಳನ್ನು ಅನುಸರಿಸಲು ಕೋರಲಾಗಿದೆ.

ಅ) ಪೋಷಕರ ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಗುವಿನ ಜೇಬಿನಲ್ಲಿ ಇಡುವುದು.
ಆ) ಬೆಳಿಗ್ಗೆ ಹೊರಡುವಾಗ ಮಗುವಿನ ಒಂದು ಛಾಯಾಚಿತ್ರ ತೆಗೆದುಕೊಳ್ಳುವುದು, ಅಂದು ತೊಟ್ಟ ಬಟ್ಟೆಯನ್ನು ಸಿಬ್ಬಂದಿಗೆ ತೋರಿಸಲು ಇದರಿಂದ ಅನುಕೂಲ.
ಇ) ಕೈತಪ್ಪಿದಲ್ಲಿ ಇದ್ದ ಸ್ಥಳದಲ್ಲಿಯೇ ನಿಂತು, ಸಮವಸ್ತ್ರದಲ್ಲಿರುವ ಸಿಬ್ಬಂದಿಯನ್ನು ಕರೆಯುವಂತೆ ಮಗುವಿಗೆ ಹೇಳಿಕೊಡುವುದು.
ಈ) ಮಗು ಕಾಣದಾದಲ್ಲಿ ಕೂಡಲೇ ಸಮೀಪದ ಸಿಬ್ಬಂದಿಗೂ ಮುಖ್ಯದ್ವಾರಕ್ಕೂ ತಿಳಿಸುವುದು.

8. ಮಧ್ಯಾಹ್ನದ ನಂತರ

ಊಟ ಮತ್ತು ವಿಶ್ರಾಂತಿಯ ನಂತರ ಶಕ್ತಿ ಉಳಿದಿದ್ದಲ್ಲಿ, ಮೃಗಾಲಯಕ್ಕೆ ಹೊಂದಿಕೊಂಡಿರುವ ಕಾರಂಜಿ ಕೆರೆಗೆ ಹೋಗಬಹುದು. ಇಲ್ಲಿ ದೋಣಿ ವಿಹಾರ, ಚಿಟ್ಟೆ ಉದ್ಯಾನ ಹಾಗೂ ಸಂದರ್ಶಕರು ಒಳಹೊಕ್ಕು ಹಕ್ಕಿಗಳ ನಡುವೆ ನಡೆದಾಡಬಹುದಾದ ಬೃಹತ್ ಪಕ್ಷಿಧಾಮವಿದೆ. ಕೆರೆಯ ದಡದಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯವಿದ್ದು, ಇದು 1995ರಲ್ಲಿ ಆರಂಭವಾಯಿತು. ಮಳೆ ಬಂದಾಗ ಮಕ್ಕಳೊಡನೆ ಸಮಯ ಕಳೆಯಲು ಇದು ಸೂಕ್ತ ಸ್ಥಳ. ಮೃಗಾಲಯಕ್ಕೆ ಮಂಗಳವಾರ ರಜೆ ಇರುವಂತೆ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ ಇರುವುದನ್ನು ಗಮನಿಸಬೇಕು.

9. ಪ್ರಾಣಿ ದತ್ತು ಯೋಜನೆ

ಭೇಟಿಯ ಸಂದರ್ಭದಲ್ಲಿ ಪ್ರಾಣಿಗಳ ಬಗ್ಗೆ ಆಸಕ್ತಿ ಮೂಡಿದ ಕುಟುಂಬಗಳು ದತ್ತು ಯೋಜನೆಯಡಿ ಅರ್ಜಿ ಸಲ್ಲಿಸಬಹುದು. ದತ್ತು ಪಡೆದ ಪ್ರಾಣಿಯನ್ನು ಮನೆಗೆ ಕೊಂಡೊಯ್ಯಲು ಅವಕಾಶವಿಲ್ಲ. ನಿಗದಿತ ಅವಧಿಗೆ ಅದರ ಪಾಲನೆಯ ವೆಚ್ಚವನ್ನು ಭರಿಸುವುದೇ ದತ್ತು. ಪ್ರಾಣಿಯ ಗಾತ್ರ ಮತ್ತು ಆಹಾರಕ್ಕೆ ಅನುಗುಣವಾಗಿ ಮೊತ್ತ ನಿಗದಿಯಾಗಿದ್ದು, ಚಿಕ್ಕ ಹಕ್ಕಿಗಳನ್ನು ಅಲ್ಪ ವೆಚ್ಚದಲ್ಲಿ ದತ್ತು ಪಡೆಯಬಹುದಾಗಿದೆ. ಮಕ್ಕಳ ಹುಟ್ಟುಹಬ್ಬ ಅಥವಾ ಹಿರಿಯರ ಸ್ಮರಣಾರ್ಥವಾಗಿಯೂ ಅರ್ಜಿ ಸಲ್ಲಿಸಬಹುದು. ಮೃಗಾಲಯದ ನಿರ್ವಹಣೆ ಬಹುಮಟ್ಟಿಗೆ ಪ್ರವೇಶ ಶುಲ್ಕವನ್ನೇ ಅವಲಂಬಿಸಿದೆ. 2020ರಲ್ಲಿ ಬಾಗಿಲು ಮುಚ್ಚಿ ಆ ಆದಾಯ ನಿಂತಾಗ ಪ್ರಾಣಿಗಳ ಆಹಾರಕ್ಕೆ ನೆರವಾದುದು ದಾನಿಗಳ ಹಾಗೂ ದತ್ತುದಾರರ ಕೊಡುಗೆ. ಅರ್ಜಿಯ ನಮೂನೆ ಮತ್ತು ದರಪಟ್ಟಿ ಮೃಗಾಲಯದ ಕಚೇರಿಯಲ್ಲಿಯೂ ಅಂತರಜಾಲ ತಾಣದಲ್ಲಿಯೂ ದೊರೆಯುತ್ತವೆ.

ವಿಶೇಷ ಸೂಚನೆ

ಗಾಯಗೊಂಡ ಅಥವಾ ಅಸ್ವಸ್ಥ ಪ್ರಾಣಿ ಕಂಡುಬಂದಲ್ಲಿ, ಯಾರಾದರೂ ಪ್ರಾಣಿಗಳನ್ನು ಕೆಣಕುತ್ತಿದ್ದಲ್ಲಿ ಅಥವಾ ಆವರಣದಲ್ಲಿ ಪ್ಲಾಸ್ಟಿಕ್ ಬಿದ್ದಿದ್ದಲ್ಲಿ ಸಂದರ್ಶಕರು ಕೂಡಲೇ ಸಮೀಪದ ಸಿಬ್ಬಂದಿಯ ಗಮನಕ್ಕೆ ತರಬೇಕು. ಪ್ರಾಣಿಪಾಲಕರು ಎಲ್ಲ ಆವರಣಗಳ ಮುಂದೆಯೂ ಸದಾಕಾಲ ಇರಲು ಸಾಧ್ಯವಿಲ್ಲವಾದ್ದರಿಂದ, ಸಂದರ್ಶಕರ ಒಂದು ಮಾತಿನಿಂದ ಒಂದು ಜೀವ ಉಳಿಯಬಹುದು. ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.