ಹುಡುಗರಿಗೆ ವಿನಯ ಕಲಿಸುವವರು ಯಾರು?

ಕಿರಿಯರ ಕ್ರೀಡೆಯ ಇತಿಹಾಸ ಓದುವಾಗ ನಾನು ಮೊದಲು ಗಮನಿಸುವುದು ಸ್ಕೋರ್‌ಕಾರ್ಡನ್ನಲ್ಲ, ದೊಡ್ಡವರು ಮಾಡಿದ ತೀರ್ಮಾನಗಳನ್ನು. ಸೋತಾಗ ಕೈಕುಲುಕು, ಗೆದ್ದಾಗ ಬೀಗಬೇಡ ಎಂದು ಮಕ್ಕಳಿಗೆ ಹೇಳುತ್ತೇವೆ. ಆದರೆ ಹುಡುಗ ಮೈದಾನಕ್ಕಿಳಿಯುವ ಮೊದಲೇ ಅವನ ಹೆಸರಿನಲ್ಲಿ ದೊಡ್ಡವರು ಒಂದು ಆಟ ಆಡಿ ಮುಗಿಸಿರುತ್ತಾರೆ. 2015ರಿಂದ 2018ರವರೆಗಿನ ಭಾರತದ 19 ವರ್ಷದೊಳಗಿನವರ ಕ್ರಿಕೆಟ್ ಇದನ್ನು ಚೆನ್ನಾಗಿ ತೋರಿಸುತ್ತದೆ.

ಬೆಂಗಳೂರಿನ ರಾಹುಲ್ ದ್ರಾವಿಡ್ ಆ ತಂಡದ ಕೋಚ್ ಆದದ್ದು 2015ರಲ್ಲಿ. ಅದೇ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟ ಅವರು ಗೆಲುವಿನ ಗುಟ್ಟು ಹೇಳಲಿಲ್ಲ. ವಯಸ್ಸು ಮುಚ್ಚಿಡುವ ಪಿಡುಗನ್ನು ಎತ್ತಿಕೊಂಡರು. ದೊಡ್ಡ ಹುಡುಗ ಚಿಕ್ಕವರ ನಡುವೆ ಮಿಂಚುವುದು ಪ್ರತಿಭೆಯಿಂದಲೇ ಆಗಬೇಕಿಲ್ಲ, ಮೈಬಲದಿಂದಲೂ ಆಗಬಹುದು. ಆಗ ಪ್ರಾಮಾಣಿಕ ಹುಡುಗನೊಬ್ಬ ತನ್ನ ಜಾಗ ಕಳೆದುಕೊಳ್ಳುತ್ತಾನೆ. ಹೆತ್ತವರು, ಕೋಚ್‌ಗಳೇ ಸುಳ್ಳು ಜನನ ಪ್ರಮಾಣಪತ್ರ ಮಾಡಿಸುವುದನ್ನು ಕಂಡ ಮಗು ಮೋಸವನ್ನೇ ಕಲಿಯುವುದಿಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು.

2016ರ ಫೆಬ್ರವರಿಯಲ್ಲಿ ಮೀರ್‌ಪುರದ ವಿಶ್ವಕಪ್ ಫೈನಲ್‌ನಲ್ಲಿ ಭಾರತ ವೆಸ್ಟ್ ಇಂಡೀಸ್‌ಗೆ ಸೋತಿತು. ಸೋತ ತಂಡ ಮುಂದಿನ ಸಲಕ್ಕೆ ಅನುಭವಿಗಳನ್ನು ಉಳಿಸಿಕೊಳ್ಳುವುದು ಸಹಜ. ಬಂದ ನೀತಿ ಮಾತ್ರ ಬೇರೆಯದು: ಒಮ್ಮೆ ಈ ವಿಶ್ವಕಪ್ ಆಡಿದವರಿಗೆ ವಯಸ್ಸಿನ ಮಿತಿಯೊಳಗಿದ್ದರೂ ಇನ್ನೊಂದು ಅವಕಾಶವಿಲ್ಲ. 2016ರಲ್ಲಿ ಆಡಿದ್ದ ವಾಷಿಂಗ್ಟನ್ ಸುಂದರ್ ವಯಸ್ಸಿನ ಲೆಕ್ಕದಲ್ಲಿ 2018ಕ್ಕೂ ಅರ್ಹರಿದ್ದರು. ಅವರು ಆ ತಂಡದಲ್ಲಿರಲಿಲ್ಲ. ಅಷ್ಟರಲ್ಲಿ ಹಿರಿಯರ ತಂಡಕ್ಕೇ ಆಡಿದ್ದರು. ಕಿರಿಯರ ವಿಶ್ವಕಪ್ ದಾಟಿಹೋಗಬೇಕಾದ ಮೆಟ್ಟಿಲು, ಕೂತುಬಿಡುವ ಜಗಲಿಯಲ್ಲ ಎಂಬುದೇ ಈ ನೀತಿಯ ತಿರುಳೆಂದು ನಾನು ಓದುತ್ತೇನೆ. ಇದಕ್ಕೆ ಬೆಲೆಯೂ ಇದೆ. ಪಳಗಿದ ಆಟಗಾರನನ್ನು ಬಿಟ್ಟುಕೊಟ್ಟು ಸೋಲುವ ಸಾಧ್ಯತೆಯನ್ನು ತಂಡ ಒಪ್ಪಿಕೊಳ್ಳಬೇಕು.

2018ರ ಫೆಬ್ರವರಿ 3ರಂದು ನ್ಯೂಜಿಲೆಂಡ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಸೋಲಿಸಿ ಕಪ್ ಗೆದ್ದಿತು. ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಸಿಬ್ಬಂದಿಯಲ್ಲಿ ಈ ಭೇದ ಬೇಡವೆಂದು ದ್ರಾವಿಡ್ ಕೇಳಿಕೊಂಡರು. ಕೊನೆಗೆ ಅವರಿಗೂ ಉಳಿದ ಸಿಬ್ಬಂದಿಗೂ ತಲಾ 25 ಲಕ್ಷವೆಂದು ತೀರ್ಮಾನವಾಯಿತು. ಅವರ ಪಾಲು ಅರ್ಧಕ್ಕಿಳಿಯಿತು. ಹದಿನೆಂಟರ ಹುಡುಗರು ಪತ್ರಿಕೆಯಲ್ಲಿ ಓದಬಹುದಾದ ಪಾಠ ಅದು.

ಇಷ್ಟರಿಂದಲೇ ಎಲ್ಲ ಸರಿಹೋಯಿತೆನ್ನಲು ಇತಿಹಾಸ ಬಿಡುವುದಿಲ್ಲ. 2020ರಲ್ಲಿ ದಕ್ಷಿಣ ಆಫ್ರಿಕಾದ ಪಾಚೆಫ್‌ಸ್ಟ್ರೂಮ್‌ನಲ್ಲಿ ಬಾಂಗ್ಲಾದೇಶ ಭಾರತವನ್ನು ಸೋಲಿಸಿದ ಕೂಡಲೇ ಎರಡೂ ಕಡೆಯ ಹುಡುಗರು ಮೈದಾನದಲ್ಲೇ ಕೈಕೈ ಮಿಲಾಯಿಸಿದರು. ಬಾಂಗ್ಲಾದ ಮೂವರು, ಭಾರತದ ಇಬ್ಬರು ಶಿಕ್ಷೆಗೊಳಗಾದರು. ಆಗ ದ್ರಾವಿಡ್ ಆ ತಂಡದ ಕೋಚ್ ಆಗಿರಲಿಲ್ಲ. ಹಾಗೆಂದು ಜಗಳಕ್ಕೆ ಅದೇ ಕಾರಣವೆಂದರೆ ಅವಸರದ ತೀರ್ಪಾದೀತು. ಒಬ್ಬರ ನಡತೆ ತಾನಾಗಿಯೇ ಪರಂಪರೆಯಾಗುವುದಿಲ್ಲ. ಪ್ರತಿ ಹೊಸ ತಂಡಕ್ಕೂ ಯಾರೋ ಅದನ್ನು ಮೊದಲಿನಿಂದ ಮಾಡಿ ತೋರಿಸಬೇಕು. ಶಿಕ್ಷೆಯ ಪಟ್ಟಿಯಲ್ಲಿ ಹುಡುಗರ ಹೆಸರುಗಳಷ್ಟೇ ಇರುತ್ತವೆ. ಅವರಿಗೆ ಯಾರು ಏನನ್ನು ಮಾಡಿ ತೋರಿಸಿದ್ದರು ಎಂದು ಕೇಳುವ ಕೆಲಸ ಇತಿಹಾಸ ಓದುವ ನಮಗೆ ಉಳಿದಿದೆ.