ಗಣಿಯಾಳದಲ್ಲಿ ಮುಗಿಸಿದ ಪ್ರಬಂಧ

ಪ್ರತಿವರ್ಷ ಅಂತಿಮ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇಂಜಿನಿಯರಿಂಗ್ ಕಾಲೇಜುಗಳ ಸುತ್ತಲಿನ ಬೈಂಡಿಂಗ್ ಅಂಗಡಿಗಳಿಗೆ ಬಿಡುವೇ ಇರುವುದಿಲ್ಲ. ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ, ಒಳಗೆ ಪ್ರಮಾಣಪತ್ರ, ಕೃತಜ್ಞತೆ, ಅಧ್ಯಾಯಗಳು. ಇವುಗಳಲ್ಲಿ ಎಷ್ಟನ್ನು ವಿದ್ಯಾರ್ಥಿಗಳೇ ಮಾಡಿದ್ದಾರೆ, ಎಷ್ಟನ್ನು ನಗರದ 'ಪ್ರಾಜೆಕ್ಟ್ ಸೆಂಟರ್'ಗಳಿಂದ ಸಿದ್ಧರೂಪದಲ್ಲಿ ಕೊಂಡು ತಂದಿದ್ದಾರೆ ಎಂಬುದು ಅಧ್ಯಾಪಕರಿಗೆ ತಿಳಿಯದ ಸಂಗತಿಯೇನಲ್ಲ. ಪದವಿಯ ಕೊನೆಯಲ್ಲಿ ಒಂದು ಪ್ರಬಂಧ ಬರೆಯಬೇಕೆಂಬ ನಿಯಮ ಎಲ್ಲಿಂದ ಬಂತು, ಅದನ್ನು ದುಡಿಮೆಯ ಸ್ಥಳದೊಂದಿಗೆ ಜೋಡಿಸಿದವರು ಯಾರು, ಆ ಜೋಡಣೆ ನಮ್ಮಲ್ಲಿ ಎಲ್ಲಿ ಸಡಿಲವಾಯಿತು ಎಂಬುದನ್ನು ಕೋಲಾರ ಚಿನ್ನದ ಗಣಿಯ ಸೀಮೆಯಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ.

ಓದು ಮತ್ತು ಉದ್ಯೋಗವನ್ನು ಒಂದರ ನಂತರ ಒಂದರಂತೆ ಸರದಿಯಲ್ಲಿ ನಡೆಸುವ ಪದವಿ ಶಿಕ್ಷಣಕ್ಕೆ ಅಮೆರಿಕದಲ್ಲಿ 'ಸಹಕಾರಿ ಶಿಕ್ಷಣ' ಎಂದು ಹೆಸರು. ಕೋಲಾರ ಜಿಲ್ಲೆಯವರಿಗೆ ಸಹಕಾರಿ ಎಂದೊಡನೆ ಹಾಲಿನ ಸಂಘ ನೆನಪಾದರೆ ತಪ್ಪಲ್ಲ. ಇಲ್ಲಿ ಸಹಕಾರ ಎಂದರೆ ಕಾಲೇಜು ಮತ್ತು ಕಾರ್ಖಾನೆಗಳ ನಡುವಿನದು. ಇಂಗ್ಲೆಂಡಿನಲ್ಲಿ ಇದನ್ನೇ ಸ್ಯಾಂಡ್‌ವಿಚ್ ಕೋರ್ಸ್ ಎಂದರು. ನಮ್ಮ ಪಾಲಿಟೆಕ್ನಿಕ್‌ಗಳಿಗೆ ಬಂದದ್ದು ಈ ಎರಡನೆಯ ಹೆಸರು.

ಈ ಪದ್ಧತಿಯ ಜನಕನೆಂದು ಸಾಮಾನ್ಯವಾಗಿ ಹರ್ಮನ್ ಷ್ನೈಡರ್ ಅವರನ್ನು ಹೆಸರಿಸುತ್ತಾರೆ. 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 27 ವಿದ್ಯಾರ್ಥಿಗಳೊಂದಿಗೆ ಅವರು ಪ್ರಯೋಗವನ್ನು ಆರಂಭಿಸಿದರು. ವಿದ್ಯಾರ್ಥಿಗಳನ್ನು ಜೋಡಿಗಳಾಗಿ ಮಾಡಿ, ಒಬ್ಬ ಒಂದು ವಾರ ತರಗತಿಯಲ್ಲಿದ್ದರೆ ಇನ್ನೊಬ್ಬ ಕಾರ್ಖಾನೆಯಲ್ಲಿರುವಂತೆ ಏರ್ಪಡಿಸಿದರು. ಮುಂದಿನ ವಾರ ಅದಲುಬದಲು. ಯಂತ್ರವೂ ಖಾಲಿ ನಿಲ್ಲುವಂತಿಲ್ಲ, ಬೆಂಚೂ ಖಾಲಿ ಉಳಿಯುವಂತಿಲ್ಲ. ಕಾರ್ಖಾನೆಯ ಎಲ್ಲ ಯಂತ್ರಗಳನ್ನೂ ಕಾಲೇಜು ಕೊಂಡುಕೊಳ್ಳಲಾರದು, ಕೊಂಡರೂ ಅವು ಬೇಗ ಹಳತಾಗುತ್ತವೆ. ಆದ್ದರಿಂದ ಯಂತ್ರ ಇರುವಲ್ಲಿಗೇ ವಿದ್ಯಾರ್ಥಿ ಹೋಗಲಿ ಎಂಬುದು ಅವರ ತರ್ಕ.

ಆದರೆ ಗಣಿಗಾರಿಕೆಯ ಮಟ್ಟಿಗೆ ಈ ವಿಚಾರ ಹೊಸದಾಗಿರಲಿಲ್ಲ. ಕಾಲೇಜಿನೊಳಗೆ ಲೇತ್ ಇಡಬಹುದು, ಬಾಯ್ಲರ್ ಇಡಬಹುದು, ಗಣಿಯನ್ನು ಇಡಲಾಗದು. ಸ್ಯಾಕ್ಸನಿಯ ಫ್ರೈಬರ್ಗ್‌ನಲ್ಲಿ 1765ರಲ್ಲಿ ಆರಂಭವಾದ ಗಣಿ ಅಕಾಡೆಮಿ ಬೆಳ್ಳಿಯ ಗಣಿಗಳ ನಡುವೆಯೇ ಇತ್ತು. ಅಲ್ಲಿಗೆ 1791ರಲ್ಲಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ವಿದ್ಯಾರ್ಥಿಯಾಗಿ ಬಂದರು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ನೆಲದಡಿಯಲ್ಲಿ, ಆಮೇಲೆ ತರಗತಿಯಲ್ಲಿ. ಇದು ಷ್ನೈಡರ್ ಅವರ ಸರದಿಯೇ, ವಾರದ ಬದಲು ದಿನದ ಲೆಕ್ಕದಲ್ಲಿ. ಗಣಿಯ ಕತ್ತಲಲ್ಲಿ ಮರದ ಆಧಾರಗಳ ಮೇಲೆ ಬೆಳೆಯುವ ಶಿಲೀಂಧ್ರಗಳು ಅವರ ಕಣ್ಣಿಗೆ ಬಿದ್ದವು. ಬೆಳಕೇ ಇಲ್ಲದಲ್ಲಿ ಸಸ್ಯಜೀವನ ಹೇಗೆ ನಡೆಯುತ್ತದೆಂದು ಕೇಳಿಕೊಂಡರು. ಫ್ರೈಬರ್ಗ್‌ನ ಸಸ್ಯಗಳನ್ನು ಕುರಿತ ಅವರ ಲ್ಯಾಟಿನ್ ಗ್ರಂಥ 1793ರಲ್ಲಿ ಹೊರಬಂದಿತು. ಗಣಿಗೆ ಹೋಗಿದ್ದು ಅದಿರು ತೆಗೆಯುವುದನ್ನು ಕಲಿಯಲು, ಬರೆದದ್ದು ಅಣಬೆಯ ಬಗ್ಗೆ. ವಿಷಯಪಟ್ಟಿಯಿಂದ ಆರಿಸಿಕೊಂಡ ಪ್ರಾಜೆಕ್ಟ್‌ಗೂ ದುಡಿಮೆಯ ಜಾಗ ಕಣ್ಣಿಗೆ ಹಾಕಿದ ಪ್ರಶ್ನೆಗೂ ಇರುವ ವ್ಯತ್ಯಾಸ ಇಲ್ಲಿದೆ.

ಈಗ ಕೋಲಾರಕ್ಕೆ ಬರೋಣ. ಕ್ಯಾಸಂಬಳ್ಳಿ ಇಂದು ಕೆ.ಜಿ.ಎಫ್. ತಾಲ್ಲೂಕಿನ ಹೋಬಳಿ ಕೇಂದ್ರ; ಮೊದಲು ಬಂಗಾರಪೇಟೆ ತಾಲ್ಲೂಕಿಗೆ ಸೇರಿತ್ತು. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರ ಹೆಸರಿನ ಮುಂದಿರುವ 'ಕೆ' ಇದೇ ಊರು. ಇದರ ನೆರೆಯ ಗಣಿಪ್ರದೇಶದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಆಧುನಿಕ ಗಣಿಗಾರಿಕೆಗೆ ಇಳಿಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಇಲ್ಲಿಗೆ ತರಲಾಯಿತು. ಚಾಂಪಿಯನ್ ರೀಫ್ ಗಣಿ ಕಾಲಕ್ರಮದಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಮರುವರ್ಷ, 1957ರಲ್ಲಿ, ಕೆ.ಜಿ.ಎಫ್.ನಲ್ಲಿ ಸ್ಕೂಲ್ ಆಫ್ ಮೈನ್ಸ್ ಆರಂಭವಾಯಿತು. ಆಮೇಲೆ ಊರಿಗಾಂನಲ್ಲಿ ಬಂದ ಗೋಲ್ಡನ್ ವ್ಯಾಲಿ ಇಂಜಿನಿಯರಿಂಗ್ ಕಾಲೇಜು ಈಗ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಸಂಸ್ಥೆ ಎಂಬ ಹೆಸರಿನಲ್ಲಿದೆ; ಗಣಿ ಇಂಜಿನಿಯರಿಂಗ್ ವಿಭಾಗ ಅಲ್ಲೂ ಇದೆ.

ಆದರೆ ಈ ಗಣಿಯಲ್ಲಿ ರೂಪುಗೊಂಡ ಅತ್ಯಂತ ಪ್ರಸಿದ್ಧ ಪ್ರಬಂಧ ಗಣಿ ವಿದ್ಯಾರ್ಥಿಯದಲ್ಲ, ಭೌತವಿಜ್ಞಾನದ ವಿದ್ಯಾರ್ಥಿಯದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ 1948ರಲ್ಲಿ ಸೇರಿದ್ದ ಬಿ.ವಿ. ಶ್ರೀಕಂಠನ್ ಮೈಸೂರು ಸೀಮೆಯವರು. ವಿಶ್ವಕಿರಣಗಳಲ್ಲಿನ ಮ್ಯೂಯಾನ್ ಕಣಗಳನ್ನು ಗಣಿಯ ಬೇರೆ ಬೇರೆ ಆಳಗಳಲ್ಲಿ ಅಳೆಯುವ ಕೆಲಸಕ್ಕೆ ಹೋಮಿ ಭಾಭಾ ಅವರನ್ನು 1951ರಲ್ಲಿ ಕೋಲಾರಕ್ಕೆ ಕಳಿಸಿದರು. ಅದೇ ಕೆಲಸ ಅವರ ಪಿಎಚ್.ಡಿ. ಪ್ರಬಂಧವಾಯಿತು, 1954ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಿಂದ ಪದವಿ ಬಂತು. ಇದು ಬಿ.ಇ. ಮಟ್ಟದ ಪ್ರಾಜೆಕ್ಟ್ ಅಲ್ಲ, ಸಹಕಾರಿ ಪದವಿಯೂ ಅಲ್ಲ ಎಂದು ಓದುಗರು ಆಕ್ಷೇಪಿಸಬಹುದು. ನಿಜ. ಆದರೂ ದುಡಿಯುವ ಸ್ಥಳವೊಂದರಲ್ಲಿ ವಿದ್ಯಾರ್ಥಿ ಹೇಗೆ ಪ್ರಬಂಧ ಮುಗಿಸಬಹುದು ಎಂಬುದಕ್ಕೆ ನಮ್ಮ ನೆಲದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು.

ಕಾರಣ ಹೀಗೆ. ಮ್ಯೂಯಾನ್ ಬಂಡೆಯೊಳಗೆ ಸಾಗುವಾಗ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಒಂದು ಚದರ ಸೆಂಟಿಮೀಟರಿಗೆ ಒಂದು ಗ್ರಾಂ ದ್ರವ್ಯವನ್ನು ದಾಟಲು ಸುಮಾರು 2 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಖರ್ಚಾಗುತ್ತದೆಂದು ಇಟ್ಟುಕೊಳ್ಳಿ. ಕೋಲಾರದ ಬಂಡೆಯ ಸಾಂದ್ರತೆ ನೀರಿನದಕ್ಕಿಂತ ಮೂರು ಪಟ್ಟು. ಹಾಗಾದರೆ 1 ಮೀಟರ್ ಬಂಡೆಗೆ 600 ಮಿಲಿಯನ್, 100 ಮೀಟರ್ ಬಂಡೆಗೆ 60 ಬಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಬೇಕು. ಹೆಚ್ಚಿನ ಆಳದಲ್ಲಿ ಖರ್ಚು ಇದಕ್ಕಿಂತಲೂ ಏರುತ್ತದೆ. ಅಂದರೆ ಯಾವ ಆಳದಲ್ಲಿ ಎಣಿಸುತ್ತೇವೋ ಅದೇ ಆ ಕಣದ ಕನಿಷ್ಠ ಶಕ್ತಿಯ ಅಳತೆಗೋಲು. ಗಣಿಯ ಒಂದೊಂದು ಅಂತಸ್ತೂ ಆ ಅಳತೆಗೋಲಿನ ಒಂದೊಂದು ಗೆರೆ! ಮೇಲಿನ ನೆಲ ಬೆಟ್ಟಗುಡ್ಡಗಳಿಲ್ಲದೆ ಹೆಚ್ಚುಕಡಿಮೆ ಸಮತಟ್ಟಾಗಿದ್ದುದರಿಂದ ತಲೆಯ ಮೇಲೆ ಎಷ್ಟು ಬಂಡೆಯಿದೆ ಎಂಬ ಲೆಕ್ಕವೂ ಸುಲಭ. ಇಂಥ ಉಪಕರಣವನ್ನು ಯಾವ ಕಾಲೇಜೂ ಕಟ್ಟಲಾರದು. ಚಿನ್ನಕ್ಕಾಗಿ ಸಾವಿರಾರು ಕಾರ್ಮಿಕರು ಎಪ್ಪತ್ತು ವರ್ಷ ಕೊರೆದದ್ದು, ಯಾರೂ ಉದ್ದೇಶಿಸದೆ, ಭೌತವಿಜ್ಞಾನದ ಉಪಕರಣವಾಗಿತ್ತು.

ಮುಂದಿನ ಕಥೆಯನ್ನೂ ಚುಟುಕಾಗಿ ಹೇಳಬೇಕು. 1960ರ ದಶಕದ ಆರಂಭದಲ್ಲಿ ಇದೇ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಸಹೋದ್ಯೋಗಿಯೊಂದಿಗೆ 2,760 ಮೀಟರ್ ಆಳದಲ್ಲಿ ಎಣಿಕೆಗಳನ್ನಿಟ್ಟರು. ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯೂಯಾನ್ ಸಹ ಸಿಗಲಿಲ್ಲ. ನಮ್ಮ ವಿದ್ಯಾರ್ಥಿಯೊಬ್ಬನ ದಾಖಲೆ ಪುಸ್ತಕದಲ್ಲಿ ಎರಡು ತಿಂಗಳು ಬರೀ ಸೊನ್ನೆ ಕಂಡರೆ ನಾವು ಏನೆನ್ನುತ್ತಿದ್ದೆವು? ಬೇರೆ ವಿಷಯ ತೆಗೆದುಕೋ ಎನ್ನುತ್ತಿದ್ದೆವು. ಅವರು ಸೊನ್ನೆಯನ್ನು ಪ್ರಕಟಿಸಿದರು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊಗಳಿಂದ ಹುಟ್ಟುವ ಅಪರೂಪದ ಮ್ಯೂಯಾನ್‌ಗಳನ್ನು ಗುರುತಿಸಬಹುದೆಂಬ ಭರವಸೆ ಮೂಡಿದ್ದು ಆ ಸೊನ್ನೆಯಿಂದಲೇ. 1965ರಲ್ಲಿ ಚಾಂಪಿಯನ್ ರೀಫ್‌ನ 2,300 ಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಕುರುಹು ದೊರೆಯಿತು. ಟಾಟಾ ಸಂಸ್ಥೆ, ಒಸಾಕಾ ಮತ್ತು ಡರ್ಹಾಮ್ ವಿಶ್ವವಿದ್ಯಾಲಯಗಳ ಈ ಶೋಧ, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡ ನಡೆಸುತ್ತಿದ್ದ ಪ್ರಯೋಗದ ಜೊತೆಜೊತೆಗೇ ಪ್ರಕಟವಾಯಿತು. ಶ್ರೀಕಂಠನ್ ಮುಂದೆ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು.

ಇಲ್ಲಿ ಅಧ್ಯಾಪಕರು ಗಮನಿಸಬೇಕಾದ ಒಂದು ಭೇದವಿದೆ. ಉದ್ಯೋಗದ ವರದಿ ಬೇರೆ, ಪ್ರಬಂಧ ಬೇರೆ. ಏನು ಮಾಡಿದೆ ಎಂದು ವರದಿ ಹೇಳುತ್ತದೆ. ಏನು ತಿಳಿಯಿತು, ಎಷ್ಟು ಖಚಿತವಾಗಿ ತಿಳಿಯಿತು ಎಂದು ಪ್ರಬಂಧ ಹೇಳಬೇಕು. ಸಹಕಾರಿ ಪದವಿಯ ವಿದ್ಯಾರ್ಥಿಗೆ ಇರುವ ತೊಡಕೇ ಇದು. ಕಾರ್ಖಾನೆಗೆ ಬೇಕಾದದ್ದು ಕೆಲಸ ಮುಗಿಯುವುದು; ಕಾಲೇಜಿಗೆ ಬೇಕಾದದ್ದು ಕಾರಣ. ಅಳತೆ ಅರ್ಧಕ್ಕೆ ಬಂದಾಗ ಸರದಿ ಮುಗಿದು ವಿದ್ಯಾರ್ಥಿ ತರಗತಿಗೆ ಮರಳಬೇಕಾಗುತ್ತದೆ. ಕೆಲವೊಮ್ಮೆ ಅಂಕಿಅಂಶಗಳನ್ನು ಹೊರಗೆ ಕೊಡಲು ಕಂಪನಿ ಒಪ್ಪುವುದಿಲ್ಲ. ಗಣಿಯಲ್ಲಿ ಇನ್ನೂ ಒಂದು ಹೆಜ್ಜೆ ಹೆಚ್ಚು: 1966ರ ಗಣಿ ವೃತ್ತಿ ತರಬೇತಿ ನಿಯಮಗಳ ಕಾಲದಿಂದ, ಸುರಕ್ಷತೆಯ ತರಬೇತಿ ಪಡೆಯದೆ ನೆಲದಡಿಯ ಕೆಲಸಕ್ಕೆ ಇಳಿಯುವಂತಿಲ್ಲ.

ಭಾರತ ಈ ತೊಡಕನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿತು, ಅಥವಾ ತಪ್ಪಿಸಿಕೊಂಡಿತು ಎನ್ನಬೇಕು. 1961ರ ಅಪ್ರೆಂಟಿಸ್ ಕಾಯಿದೆಯ ವ್ಯಾಪ್ತಿಗೆ 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಬಂದರು. ಒಳ್ಳೆಯದೇ ಆಯಿತು. ಆದರೆ ಕಾರ್ಖಾನೆಯ ಅನುಭವ ಪದವಿಯ ನಂತರಕ್ಕೆ ಹೋಯಿತು. ಪ್ರಬಂಧ ಬರೆಯುವಾಗ ವಿದ್ಯಾರ್ಥಿ ಕಾರ್ಖಾನೆ ನೋಡಿರುವುದಿಲ್ಲ, ಕಾರ್ಖಾನೆ ನೋಡುವಾಗ ಪ್ರಬಂಧ ಬರೆದಾಗಿರುತ್ತದೆ. ಪಿಲಾನಿಯ ಬಿಟ್ಸ್ ಸಂಸ್ಥೆ 1973ರಲ್ಲಿ ಆರಂಭಿಸಿದ 'ಪ್ರಾಕ್ಟೀಸ್ ಸ್ಕೂಲ್' ಮತ್ತು ಕೆಲವು ಸ್ಯಾಂಡ್‌ವಿಚ್ ಡಿಪ್ಲೊಮಾಗಳು ಇದಕ್ಕೆ ಅಪವಾದ.

ಕರ್ನಾಟಕದಲ್ಲಿ ನಡೆದ ಒಂದು ಪ್ರಯತ್ನವನ್ನು ಹೇಳಲೇಬೇಕು. 1975ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನೆಲೆಸಿದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, 1977ರಲ್ಲಿ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ಹಮ್ಮಿಕೊಂಡಿತು. ಅಂತಿಮ ವರ್ಷದ ವಿದ್ಯಾರ್ಥಿಗಳು ಮಾರ್ಗದರ್ಶಕರೊಂದಿಗೆ ಪ್ರಸ್ತಾವನೆ ಸಲ್ಲಿಸಬೇಕು. ಆಯ್ಕೆಯಾದರೆ ಸಣ್ಣ ಮೊತ್ತದ ನೆರವು, ನಡುವೆ ತಜ್ಞರಿಂದ ಪರಿಶೀಲನೆ, ಕೊನೆಯಲ್ಲಿ ವಿಚಾರಸಂಕಿರಣ ಮತ್ತು ಪ್ರದರ್ಶನ. ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ಹಣಕ್ಕಿಂತ ಮುಖ್ಯವಾದದ್ದು ನಡುವಿನ ಪರಿಶೀಲನೆ. ಕೊಂಡು ತಂದ ಪ್ರಾಜೆಕ್ಟ್‌ಗೆ ಆರಂಭ ಮತ್ತು ಕೊನೆ ಇರುತ್ತವೆ, ನಡು ಇರುವುದಿಲ್ಲ.

2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು. ಶಾಫ್ಟ್‌ಗಳಲ್ಲಿ ನೀರು ತುಂಬಿತು. ಗಣಿ ವಿಭಾಗವಿರುವ ಕಾಲೇಜು ಉಳಿಯಿತು, ಗಣಿ ಉಳಿಯಲಿಲ್ಲ. ನೆಲದಡಿಯ ಚಿನ್ನದ ಗಣಿಯನ್ನು ನೋಡಬೇಕಾದರೆ ಇಲ್ಲಿನ ವಿದ್ಯಾರ್ಥಿ ರಾಯಚೂರು ಜಿಲ್ಲೆಯ ಹಟ್ಟಿಗೆ ಹೋಗಬೇಕು. ಬೇರೆ ವಿಭಾಗಗಳ ಹುಡುಗರಿಗೆ ಬೆಮೆಲ್ ಇದೆ. ಉಳಿದವರು ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಹೊರಡುವ ರೈಲಿನಲ್ಲಿ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಈಚೆಗೆ ನಿಯಮಗಳೇನೋ ಮತ್ತೆ ಸಹಕಾರಿ ಶಿಕ್ಷಣದ ಕಡೆ ಹೊರಳಿವೆ: ಎ.ಐ.ಸಿ.ಟಿ.ಇ. 2018ರ ಮಾದರಿ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಸೇರಿಸಿತು, ಯು.ಜಿ.ಸಿ. 2020ರಲ್ಲಿ ಅಪ್ರೆಂಟಿಸ್ ತರಬೇತಿಯನ್ನು ಪದವಿಯೊಳಗೇ ಅಳವಡಿಸಲು ಮಾರ್ಗಸೂಚಿ ಹೊರಡಿಸಿತು.

ಆದರೆ ಪ್ರಶ್ನೆಗಳು ಬೆಂಗಳೂರಿನಲ್ಲಿ ಮಾತ್ರ ಇಲ್ಲ. ಗಣಿ ಬಿಟ್ಟುಹೋದ ಸೈನೈಡ್ ದಿಬ್ಬಗಳು ಕೆ.ಜಿ.ಎಫ್. ಸುತ್ತ ಹದಿಮೂರು ಇವೆ. ಅವುಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕಿದ ಪುಡಿಯಿದೆ. ಚಿನ್ನ ತೆಗೆದ ಮೇಲೆ ಉಳಿದ ಈ ನುಣ್ಣನೆಯ ಪುಡಿಯಲ್ಲಿ ಈಗಲೂ ಅಲ್ಪಸ್ವಲ್ಪ ಚಿನ್ನವಿರುವುದರಿಂದ, ಅದನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿತು. ದಿಬ್ಬಗಳನ್ನು ಕದಲಿಸುವ ಮೊದಲೇ ಧೂಳಿನ ಲೆಕ್ಕ ಸಿಕ್ಕರೆ ಆಮೇಲೆ ಹೋಲಿಸಿ ನೋಡಲು ಒಂದು ಆಧಾರ ಇರುತ್ತದೆ. ಕ್ಯಾಸಂಬಳ್ಳಿ ಕಡೆಯ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಮಾಳಿಗೆಯ ಮೇಲೂ, ದಿಬ್ಬದ ಹತ್ತಿರದ ಗೆಳೆಯನ ಮನೆಯ ಮೇಲೂ ಒಂದೇ ಅಳತೆಯ ಅಗಲ ಬಾಯಿಯ ಪಾತ್ರೆಗಳನ್ನಿಟ್ಟು, ತಿಂಗಳಿಗೊಮ್ಮೆ ಬಿದ್ದ ಧೂಳನ್ನು ಸೋಸಿ, ಒಣಗಿಸಿ, ತೂಗಿದರೆ ಸಾಕು, ಕೆಲಸ ಆರಂಭವಾದಂತೆ. ರಾಸಾಯನಿಕ ವಿಶ್ಲೇಷಣೆ ಆಮೇಲಿನ ಮಾತು. ಧೂಳು ಬೀಳಲಿಲ್ಲವೆಂದರೆ ಸೊನ್ನೆಯನ್ನೂ ಬರೆದಿಡಬೇಕು. ಒಂದೇ ಎಚ್ಚರಿಕೆ: ಈ ಸೀಮೆಯಲ್ಲಿ ಜೋರು ಗಾಳಿ ಬೀಸುವುದು ಆಷಾಢದಲ್ಲಿ. ವಿಷಯ ಆರಿಸುವುದನ್ನು ಜನವರಿಗೆ ಮುಂದೂಡಿದವನಿಗೆ ಆ ವರ್ಷದ ಗಾಳಿ ತಪ್ಪಿಹೋಗಿರುತ್ತದೆ.