ನಂಜಿನ ಕವಚ: ಹಾಸನ ಸೀಮೆಯ ಎರಡು ರೋಗಗಳನ್ನು ಕುರಿತ ಚಾರಿತ್ರಿಕ ವಿಚಾರ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿಯೂ ಹೊಳೆನರಸೀಪುರ ಸೀಮೆಯ ಕೆಲವು ಭಾಗಗಳಲ್ಲಿಯೂ ಹೊಗೆಸೊಪ್ಪು ರೈತರ ಕೈಗೆ ಹಣವನ್ನು ತರುವ ಮುಖ್ಯವಾದ ಬೆಳೆಯಾಗಿರುವುದು. ಕಾವೇರಿಯ ದಡದಲ್ಲಿರುವ ರಾಮನಾಥಪುರವು ತೀರ್ಥಕ್ಷೇತ್ರವೆಂದು ಎಷ್ಟು ಪ್ರಸಿದ್ಧವೋ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯೆಂದೂ ಅಷ್ಟೇ ಪರಿಚಿತವಾಗಿದೆ. ಈ ಹೊಲಗಳಲ್ಲಿ ಕೆಲವು ವೇಳೆ ಗಿಡದ ಎಲೆಯು ತಿಳಿಹಸುರು ಕಡುಹಸುರುಗಳ ಮಚ್ಚೆಗಳಿಂದ ಕೂಡಿ, ಸುಕ್ಕಾಗಿ, ತೂಕದಲ್ಲಿಯೂ ಬೆಲೆಯಲ್ಲಿಯೂ ಕುಗ್ಗುವುದುಂಟು. ಇದೇ ನಂಜುರೋಗ. ಅತ್ತ ಚನ್ನರಾಯಪಟ್ಟಣದ ಕಡೆ ಹೈನುಗಾರಿಕೆಯೇ ಅನೇಕ ಸಂಸಾರಗಳ ಆಧಾರ. ಅಲ್ಲಿಯ ರೈತನು ಬಹಳವಾಗಿ ಅಂಜುವುದು ದನಗಳ ಕಾಲುಬಾಯಿ ಜ್ವರಕ್ಕೆ. ಒಂದು ಗಿಡದ ರೋಗ, ಮತ್ತೊಂದು ಪಶುವಿನ ರೋಗ. ಇವೆರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ವೈರಸ್ಸೆಂಬ ವಸ್ತುವಿನ ಚರಿತ್ರೆಯು ಪ್ರಾರಂಭವಾದುದು ಈ ಎರಡು ರೋಗಗಳಿಂದಲೇ. ಅವು ಹರಡುವ ಬಗೆಯಲ್ಲಿಯೂ ಅವುಗಳ ನಿವಾರಣೆಯಲ್ಲಿಯೂ ಕಾಣುವ ಭೇದಕ್ಕೆ ಬಹುಮಟ್ಟಿಗೆ ಕಾರಣವಾದುದು ವೈರಸ್ಸಿನ ಹೊರಗಣ ಪ್ರೋಟೀನು ಕವಚವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಹೊಗೆಸೊಪ್ಪಿನ ರೋಗಕ್ಕೆ 'ಮೊಸಾಯಿಕ್' ಎಂಬ ಹೆಸರನ್ನಿಟ್ಟವನು ಹಾಲೆಂಡಿನ ವಾಗನಿಂಗೆನ್ನಿನಲ್ಲಿದ್ದ ಅಡಾಲ್ಫ್ ಮೇಯರ್. ರೋಗಿಷ್ಠ ಗಿಡದ ರಸವನ್ನು ಆರೋಗ್ಯವಾದ ಗಿಡಕ್ಕೆ ಸೇರಿಸಿದರೆ ರೋಗವು ಅಂಟುವುದೆಂದು 1886ರಲ್ಲಿ ಆತನು ಪ್ರಕಟಿಸಿದನು. ಬ್ಯಾಕ್ಟೀರಿಯಗಳನ್ನು ತಡೆಯುವ ಪಿಂಗಾಣಿಯ ಶೋಧಕದಿಂದ ಇಳಿದ ರಸವೂ ರೋಗಕಾರಕವಾಗಿಯೇ ಉಳಿಯುವುದೆಂದು 1892ರಲ್ಲಿ ರಷ್ಯಾದ ಇವನೋವ್‌ಸ್ಕಿಯು ತೋರಿಸಿದನು. ಆದರೆ ತನ್ನ ಶೋಧನೆಯ ಪೂರ್ಣಾರ್ಥವನ್ನು ಆತನು ಗ್ರಹಿಸಲಿಲ್ಲವೆಂದೇ ಹೇಳಬೇಕು. ಅದನ್ನು ಗ್ರಹಿಸಿದವನು ಡೆಲ್ಫ್ಟಿನ ಬೈಯರಿಂಕ್. ಇದು ಬ್ಯಾಕ್ಟೀರಿಯವಲ್ಲ, ಜೀವವುಳ್ಳ ದ್ರವರೂಪದ ಸೋಂಕು ಎಂದು ಆತನು 1898ರಲ್ಲಿ ಸಾರಿದನು. ಅದೇ ವರ್ಷದಲ್ಲಿಯೇ ಜರ್ಮನಿಯ ಲಫ್ಲರ್ ಮತ್ತು ಫ್ರಾಷ್ ಎಂಬವರು ಕಾಲುಬಾಯಿ ಜ್ವರದ ಕಾರಣವೂ ಶೋಧಕವನ್ನು ದಾಟಿಹೋಗುವುದೆಂದು ಕಂಡುಕೊಂಡರು.

ಆ ವಸ್ತುವಿನ ಸ್ವರೂಪವೇನೆಂಬುದು ಮುಂದೆ ಮೂವತ್ತೇಳು ವರ್ಷಗಳವರೆಗೂ ತಿಳಿಯಲಿಲ್ಲ. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟಾನ್ಲಿಯು ರೋಗಿಷ್ಠ ಹೊಗೆಸೊಪ್ಪಿನ ರಸದಿಂದ ಸೂಜಿಯಂತಹ ಹರಳುಗಳನ್ನು ತೆಗೆದು, ವೈರಸ್ಸು ಕೇವಲ ಪ್ರೋಟೀನೆಂದು ಘೋಷಿಸಿದನು. ಜೀವವುಳ್ಳದ್ದೆಂದು ಎಣಿಸಿದ್ದ ವಸ್ತುವು ಉಪ್ಪಿನಂತೆ ಹರಳಾಗಿ ಸೀಸೆಯಲ್ಲಿ ಕುಳಿತುದನ್ನು ಕಂಡು ವಿದ್ವಾಂಸರು ಬೆರಗಾದರು. ಆದರೆ ಮಾರನೆಯ ವರ್ಷವೇ ಇಂಗ್ಲೆಂಡಿನಲ್ಲಿ ಬಾಡೆನ್ ಮತ್ತು ಪಿರಿ ಎಂಬವರು ಬರ್ನಾಲ್, ಫ್ಯಾನ್‌ಕುಚೆನ್ ಇವರೊಡನೆ ಸೇರಿ, ಅದರಲ್ಲಿ ರಂಜಕವನ್ನೊಳಗೊಂಡ ನ್ಯೂಕ್ಲಿಯಿಕ್ ಆಮ್ಲವೂ ಸ್ವಲ್ಪವಿರುವುದೆಂದು ಪ್ರಕಟಿಸಿದರು. ನೂರು ಭಾಗಗಳಲ್ಲಿ ತೊಂಬತ್ತೈದು ಪ್ರೋಟೀನು, ಸುಮಾರು ಐದು ಮಾತ್ರ ಆಮ್ಲ. ಸ್ಟಾನ್ಲಿಯು ಕವಚವನ್ನೇ ಇಡಿಯ ವೈರಸ್ಸೆಂದು ಭಾವಿಸಿದ್ದನೆಂದು ಈಗ ನಾವು ಸುಲಭವಾಗಿ ಹೇಳಬಹುದು. ತೂಕದಿಂದ ನಿರ್ಣಯಿಸುವ ರಸಾಯನಶಾಸ್ತ್ರಜ್ಞನಿಗೆ ಆ ಐದು ಭಾಗವು ಕಸವೆಂದು ತೋರಿದುದು ಆಶ್ಚರ್ಯವಲ್ಲ. 1946ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು.

1955ರಲ್ಲಿ ಬರ್ಕ್ಲಿಯ ಫ್ರೆಂಕೆಲ್-ಕಾನ್ರಾಟ್ ಮತ್ತು ವಿಲಿಯಮ್ಸ್ ಎಂಬವರು ಪ್ರೋಟೀನನ್ನೂ ಆಮ್ಲವನ್ನೂ ಬೇರ್ಪಡಿಸಿ, ಮರಳಿ ಕೂಡಿಸಿದಾಗ ರೋಗಕಾರಕವಾದ ಕಡ್ಡಿಗಳು ತಾವಾಗಿಯೇ ರೂಪುಗೊಂಡವು. 1956ರಲ್ಲಿ ಜರ್ಮನಿಯ ಗೀರರ್ ಮತ್ತು ಶ್ರಾಮ್ ಎಂಬವರು ಆಮ್ಲವೊಂದೇ ರೋಗವನ್ನುಂಟುಮಾಡಬಲ್ಲುದೆಂದು ಸಿದ್ಧಪಡಿಸಿದರು. ಅಲ್ಲಿಂದ ಮುಂದೆ ಕವಚವು ಬರಿಯ ಹೊದಿಕೆಯೆಂಬ ಭಾವನೆಯು ಅನೇಕರಲ್ಲಿ ಬೇರೂರಿತು. ಮೊದಲು ಇದ್ದುದಕ್ಕಿಂತ ಹೆಚ್ಚಿನ ಗೌರವ, ಆಮೇಲೆ ಸಲ್ಲಬೇಕಾದುದಕ್ಕಿಂತ ಕಡಮೆ! ಪೆಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ 'ಕ್ಯಾಪ್ಸಿಡ್' ಎಂಬ ಹೆಸರು ಈ ಕವಚಕ್ಕೆ ಬಂದುದು 1959ರಲ್ಲಿ, ಪ್ಯಾರಿಸ್ಸಿನ ಲ್ವಾಫ್ ಮೊದಲಾದವರಿಂದ.

ಹೊಗೆಸೊಪ್ಪಿನ ವೈರಸ್ಸಿನ ರಚನೆಯನ್ನು ಕ್ಷಕಿರಣಗಳ ಮೂಲಕ ಸ್ಪಷ್ಟಪಡಿಸಿದವಳು ಲಂಡನ್ನಿನ ರೊಸಾಲಿಂಡ್ ಫ್ರಾಂಕ್ಲಿನ್. ಅದು 300 ನ್ಯಾನೊಮೀಟರ್ ಉದ್ದ, 18 ನ್ಯಾನೊಮೀಟರ್ ದಪ್ಪವಿರುವ ಟೊಳ್ಳು ಕಡ್ಡಿ. 158 ಅಮೈನೊ ಆಮ್ಲಗಳಿಂದಾದ ಒಂದೇ ಬಗೆಯ ಪ್ರೋಟೀನಿನ ಸುಮಾರು 2130 ತುಣುಕುಗಳು, ಮುಸುಕಿನ ಜೋಳದ ತೆನೆಯಲ್ಲಿ ಕಾಳುಗಳು ಕೂತಂತೆ, ಸುರುಳಿಯಾಗಿ ಜೋಡಿಸಿಕೊಂಡಿರುವುವು. ಆಮ್ಲದ ಎಳೆಯು ನಡುವಣ ಟೊಳ್ಳಿನಲ್ಲಿ ಸಡಿಲವಾಗಿ ಬಿದ್ದಿರದೆ, ಆ ತುಣುಕುಗಳ ನಡುವೆಯೇ ಹುದುಗಿ ಸುತ್ತಿಕೊಂಡಿರುವುದು. ಈ ಬಿಗಿಯೇ ಅರಕಲಗೂಡಿನ ರೈತನ ಕಷ್ಟಕ್ಕೆ ಮೂಲ. ಕವಚವನ್ನು ಕಳೆದುಕೊಂಡ ಆಮ್ಲವು ಎಲೆಯ ರಸದಲ್ಲಿ ಬೇಗನೆ ನಾಶವಾಗುವುದು. ಕವಚದೊಳಗಿರುವುದಾದರೋ ಒಣಗಿದ ಎಲೆಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವುದು. ರಸದಲ್ಲಿರುವ ವೈರಸ್ಸನ್ನು ಅಳಿಸಬೇಕಾದರೆ ಹತ್ತು ನಿಮಿಷಗಳ ಕಾಲ 90 ಡಿಗ್ರಿಗೂ ಮಿಕ್ಕ ಶಾಖವು ಬೇಕು. ಸೊಪ್ಪನ್ನು ಹದಮಾಡುವ ಬ್ಯಾರನ್ನಿನ ಶಾಖವು ಸುಮಾರು 70 ಡಿಗ್ರಿಯನ್ನು ಮೀರುವುದಿಲ್ಲ. ಈ ವೈರಸ್ಸಿಗೆ ಹೊತ್ತೊಯ್ಯುವ ಕೀಟವು ಬೇಕಿಲ್ಲ. ಸಸಿ ಕೀಳುವಾಗ, ನೆಡುವಾಗ, ಕುಡಿ ಮುರಿಯುವಾಗ, ಕಂಕುಳ ಚಿಗುರನ್ನು ತೆಗೆಯುವಾಗ ಕೂಲಿಯವರ ಕೈಯೇ ಅದಕ್ಕೆ ವಾಹನ. ಬೀಡಿ ಸೇದಿದ ಕೈಯಾದರೆ ಇನ್ನೂ ಅಪಾಯ. ಸಸಿಮಡಿಗೆ ಇಳಿಯುವ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕೆಂಬ ಸಲಹೆಯು ಕೇಳುವುದಕ್ಕೆ ಅಲ್ಪವಾಗಿ ತೋರಿದರೂ ಅದರ ಹಿಂದಿರುವುದು ಈ ಇಡಿಯ ಚರಿತ್ರೆ.

ಹಾಸನದ ಆಲೂಗೆಡ್ಡೆಯ ವಿಷಯವು ಬೇರೆ. ಅದರ ಎಲೆಸುರುಳಿ ರೋಗದ ವೈರಸ್ಸು ಕೈಯ ಸ್ಪರ್ಶದಿಂದ ಹರಡದು. ಅದರ ಕವಚವು ಸಸ್ಯಹೇನಿನ ದೇಹದೊಳಗೆ ಹಾದುಹೋಗಲು ತಕ್ಕುದಾಗಿರುವುದು. ಆದುದರಿಂದ ಹೇನುಗಳು ವಿರಳವಾದ ಕಾಲದಲ್ಲಿ ಉತ್ತರದೇಶದಲ್ಲಿ ಬೆಳೆದ ಬಿತ್ತನೆಗೆಡ್ಡೆಯು ಜಲಂಧರದಿಂದ ಹಾಸನಕ್ಕೆ ಬರುವುದು.

ವೈರಸ್ಸಿನ ಕವಚವನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ನೋಡುವ ವಿದ್ಯೆಯು ನಮ್ಮ ನಾಡಿಗೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಆರ್. ಎನ್. ಮೂರ್ತಿ ಮತ್ತು ಎಚ್. ಎಸ್. ಸಾವಿತ್ರಿ ಇವರು ಸಹೋದ್ಯೋಗಿಗಳೊಡನೆ 1990ರ ದಶಕದಲ್ಲಿ ಅಗಸೆಮರದ ಮೊಸಾಯಿಕ್ ವೈರಸ್ಸಿನ ಕವಚವು 180 ಪ್ರೋಟೀನು ತುಣುಕುಗಳ ಗೋಳವೆಂದು ವಿವರವಾಗಿ ತೋರಿಸಿದರು. ಮುಂದೆ, ತುಣುಕಿನ ಮೊದಲ 65 ಅಮೈನೊ ಆಮ್ಲಗಳನ್ನು ತೆಗೆದುಹಾಕಿದಾಗ 60 ತುಣುಕುಗಳ ಕಿರಿಯ ಗೋಳವೇ ಕಟ್ಟಿಕೊಳ್ಳುವುದನ್ನೂ ಕಂಡರು.

ಚನ್ನರಾಯಪಟ್ಟಣದ ಕೊಟ್ಟಿಗೆಯಲ್ಲಿ ಕವಚದ ಕಥೆಯು ತಲೆಕೆಳಗಾಗಿದೆ. ಕಾಲುಬಾಯಿ ಜ್ವರದ ವೈರಸ್ಸಿನ ಕವಚವೂ ಗೋಳವೇ. ನಾಲ್ಕು ಬಗೆಯ ಪ್ರೋಟೀನುಗಳು, ಬಗೆಗೆ ಅರವತ್ತರಂತೆ, ಅದರಲ್ಲಿರುವುವು. ಇದರ ರಚನೆಯನ್ನು 1989ರಲ್ಲಿ ಕೆ. ರವಿ ಆಚಾರ್ಯರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದರು. ಹೊಗೆಸೊಪ್ಪಿನ ಕಡ್ಡಿಯ ಗಟ್ಟಿತನವು ಇದಕ್ಕಿಲ್ಲ: ಸ್ವಲ್ಪ ಹುಳಿ ತಾಕಿದರೆ, ಶಾಖವು ಏರಿದರೆ, ಗೋಳವು ಐದೈದರ ಕಟ್ಟುಗಳಾಗಿ ಒಡೆದುಹೋಗುವುದು. ಲಸಿಕೆಯಲ್ಲಿರುವುದು ಸತ್ತ ವೈರಸ್ಸೇ ಆದರೂ, ದನದ ದೇಹವು ಗುರುತಿಸಿ ರಕ್ಷಣೆಯನ್ನು ಕಲಿಯುವುದು ಒಡೆಯದ ಗೋಳವನ್ನೇ. ಒಡೆದ ತುಂಡುಗಳಿಂದ ಪ್ರಯೋಜನವು ಬಹಳ ಕಡಮೆ. ರೋಗನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರವು 2019ರಲ್ಲಿ ಪ್ರಾರಂಭಿಸಿದ ಕಾರ್ಯಕ್ರಮದಲ್ಲಿ ವರ್ಷಕ್ಕೆರಡಾವರ್ತಿ ಲಸಿಕೆ ಹಾಕುವ ಏರ್ಪಾಡಾಯಿತು. ಆ ಲಸಿಕೆಯನ್ನು ತಯಾರಾದ ಸ್ಥಳದಿಂದ ಹಳ್ಳಿಯ ಕೊಟ್ಟಿಗೆಯವರೆಗೂ 2ರಿಂದ 8 ಡಿಗ್ರಿಗಳ ತಂಪಿನಲ್ಲಿಯೇ ಒಯ್ಯಬೇಕು. ಬೇಸಗೆಯ ಬಿಸಿಲಿನಲ್ಲಿ ಮಂಜುಗಡ್ಡೆ ಕರಗಿದ ಪೆಟ್ಟಿಗೆಯನ್ನು ಹಿಡಿದು ಬಂದ ಲಸಿಕೆಗಾರನು ಸೂಜಿಯಿಂದ ಚುಚ್ಚಿದರೂ, ಆ ಹಸುವಿಗೆ ಲಸಿಕೆಯ ಪೂರ್ಣ ಫಲವು ದೊರೆಯಲಾರದು.